ವೇಷ ಕಟ್ಟಿದ ಊರು

ಸಿಯಾಟಲ್ ಕಡೆ ಇರುವ ಕನ್ನಡದವರ ಮನೆಗೆ ಊರಿಂದ ಅಪ್ಪ ಅಮ್ಮ ಬಂದರೆ ತೋರಿಸೋಕೆ ಒಂದು ರೆಡಿ ಪಟ್ಟಿ ಇದೆ. ಸ್ಪೇಸ್ ನೀಡಲ್, ಸ್ನೋಕ್ವಾಲ್ಮಿ ಜಲಪಾತ, ಮೌಂಟ್ ರೇನಿಯರ್, ಬಾತೆಲ್ ದೇವಸ್ಥಾನ, ಕೊನೆಗೊಂದು ವಾರಾಂತ್ಯ ಲೆವನ್‌ವರ್ತ್. ನಾನು ಇಲ್ಲಿಗೆ ಬಂದು ಒಂಬತ್ತು ವರ್ಷ ಆಯ್ತು. ಲೆವನ್‌ವರ್ತ್‌ಗೆ ಐದು ಸಲ ಹೋಗಿದ್ದೆ, ಐದೂ ಸಲ ಗೊಣಗಿಕೊಂಡೇ ವಾಪಸ್ ಬಂದಿದ್ದೆ. ಅಲ್ಲಾ, ವಾಷಿಂಗ್ಟನ್ ರಾಜ್ಯದ ಗುಡ್ಡದ ಸಂದಿಯಲ್ಲಿ ಒಂದು ಪುಟ್ಟ ಊರು, ಅಲ್ಲಿನ ಅಂಗಡಿಗಳಿಗೆಲ್ಲ ಜರ್ಮನಿಯ ಬವೇರಿಯಾದ ಮುಖ. ಕೆತ್ತನೆಯ ಮರದ ಬಾಲ್ಕನಿ, ಅದರ ತುಂಬ ಹೂವಿನ ಕುಂಡ, ಗೋಡೆ ಮೇಲೆ ಕುರಿ ಕಾಯುವವರ ಚಿತ್ರ. ಹೆದ್ದಾರಿ ಪಕ್ಕದ ಮೆಕ್‌ಡೊನಾಲ್ಡ್ಸ್ ಕೂಡ ಅದೇ ವೇಷ ಹಾಕಿಕೊಂಡು ನಿಂತಿದೆ, ಊರಿನ ಕಾಯ್ದೆಯೇ ಹಾಗೆ. ಒಳಗೆ ಹೋಗಿ ಆಟಿಕೆ ತಿರುಗಿಸಿ ನೋಡಿದರೆ ಮೇಡ್ ಇನ್ ಚೈನಾ.

ಈ ಅಕ್ಟೋಬರಿನಲ್ಲಿ ಅಪ್ಪ ಅಮ್ಮನ ಜೊತೆ ಆರನೇ ಸಲ ಹೋಗಿಬಂದೆ. ಅಭಿಪ್ರಾಯ ಬದಲಾಗಿದೆ. ಪೂರ್ತಿ ಅಲ್ಲ, ಅರ್ಧ. ಅದಕ್ಕೇ ಈ ಉದ್ದದ ಬರಹ, ಪುರುಸೊತ್ತಿದ್ದವರು ಓದಿ.

ಮೊದಲು ದಾರಿ ವಿಷಯ. ನಮ್ಮನೆಯಿಂದ ಎರಡನೇ ನಂಬರ್ ಹೆದ್ದಾರಿ ಹಿಡಿದರೆ ಸುಲ್ತಾನ್, ಗೋಲ್ಡ್ ಬಾರ್, ಸ್ಕೈಕೋಮಿಶ್ ದಾಟಿ ಘಟ್ಟ ಶುರು. ತುದಿಯಲ್ಲಿ ಸ್ಟೀವನ್ಸ್ ಪಾಸ್, 4061 ಅಡಿ. ಅಲ್ಲಿವರೆಗೂ ಮಳೆ, ಮಂಜು, ವೈಪರ್ ನಿಲ್ಲಿಸೋ ಹಾಗಿಲ್ಲ. ಆಚೆ ಇಳಿದು ಅರ್ಧ ಗಂಟೆ ಆಗಿಲ್ಲ, ಬಿಸಿಲು! ಅಪ್ಪನಿಗೆ ಇದನ್ನು ವಿವರಿಸಬೇಕಾಗಲೇ ಇಲ್ಲ. "ಆಗುಂಬೆ ಬಿಟ್ಟು ಚಿತ್ರದುರ್ಗಕ್ಕೆ ಬಂದ ಹಾಗಾಯ್ತು ಕಣೇ" ಅಂದರು. ನಿಜ, ಅದೇ ಲೆಕ್ಕ. ಕಡಲಿನ ಮೋಡವನ್ನೆಲ್ಲ ಪಡುವಣ ಮೈ ಹಿಂಡಿಕೊಂಡುಬಿಡುತ್ತದೆ, ಮೂಡಣಕ್ಕೆ ಒಣಗಾಳಿ. ಆಮೇಲೆ ಟಮ್‌ವಾಟರ್ ಕಣಿವೆ. ಒಂದು ಪಕ್ಕ ವೆನಾಚಿ ಹೊಳೆ ಬಂಡೆ ಮೇಲೆ ನೊರೆ ಕಾರುತ್ತಾ ಓಡುತ್ತದೆ, ಎರಡೂ ದಡದಲ್ಲಿ ಮೇಪಲ್ ಗಿಡಗಳು ಅರಿಶಿನ ಕುಂಕುಮ ಚೆಲ್ಲಿದ ಹಾಗೆ. ಊರು ಹಾಳಾಗಿಹೋಗಲಿ, ಈ ಕಣಿವೆಗೋಸ್ಕರವಾದರೂ ಅಕ್ಟೋಬರಿನಲ್ಲಿ ಒಮ್ಮೆ ಹೋಗಿ.

ಊರಿಗೆ ಕಾಲಿಟ್ಟ ತಕ್ಷಣ ನನ್ನ ಹಳೇ ಸಿಟ್ಟು ವಾಪಸ್ ಬಂತು. ಆಕ್ಟೋಬರ್‌ಫೆಸ್ಟ್ ಅನ್ನೋ ಜರ್ಮನ್ ಬಿಯರ್ ಹಬ್ಬದ ಸಮಯ. ಕಾರು ನಿಲ್ಲಿಸೋಕೆ ಜಾಗ ಹುಡುಕುತ್ತಾ ನಲವತ್ತು ನಿಮಿಷ ಸುತ್ತಿದೆವು. ಊರಿನ ಜನಸಂಖ್ಯೆ ಎರಡೂವರೆ ಸಾವಿರವೂ ಇಲ್ಲ, ಅವತ್ತು ಫ್ರಂಟ್ ಸ್ಟ್ರೀಟ್‌ನಲ್ಲಿ ಅದರ ಎಷ್ಟು ಪಟ್ಟು ಜನ ಇದ್ದರೋ. ಒಂದು ಹೋಟೆಲಿನಲ್ಲಿ ಸಸ್ಯಾಹಾರ ಏನಿದೆ ಅಂತ ಕೇಳಿದ್ದಕ್ಕೆ ಹುಡುಗಿ ಪಾಪ ತುಂಬಾ ಯೋಚನೆ ಮಾಡಿ, ಹುಳಿ ಬರಿಸಿದ ಎಲೆಕೋಸು, ಆಲೂಗಡ್ಡೆ ದೋಸೆಯಂಥದ್ದು, ಮತ್ತೆ ಪ್ರೆಟ್ಜೆಲ್ ಅಂದಳು. ಅಮ್ಮ ಕಣ್ಣಲ್ಲೇ ನನಗೆ ಸನ್ನೆ ಮಾಡಿದಳು. ಬ್ಯಾಗಿನಲ್ಲಿ ಚಿತ್ರಾನ್ನ ಇತ್ತು. ಪಾರ್ಕಿನ ಬೆಂಚಿನ ಮೇಲೆ ಕೂತು ಡಬ್ಬಿ ಬಿಚ್ಚಿದೆವು. ಎದುರಿಗೆ ಚರ್ಮದ ಚಡ್ಡಿ ಹಾಕಿಕೊಂಡ ಅಜ್ಜ ಒಬ್ಬರು ಅಕಾರ್ಡಿಯನ್ ನುಡಿಸುತ್ತಿದ್ದರು, ಕಡಲೆಬೇಳೆ ಒಗ್ಗರಣೆ ವಾಸನೆ ಅವರವರೆಗೂ ಹೋಗಿರಬೇಕು, ನಮ್ಮ ಕಡೆ ನೋಡಿ ಟೋಪಿ ಎತ್ತಿದರು.

ಮಧ್ಯಾಹ್ನ ನಟ್‌ಕ್ರ್ಯಾಕರ್, ಅಂದರೆ ಗಟ್ಟಿ ಕಾಯಿ ಒಡೆಯುವ ಗೊಂಬೆಗಳ ಮ್ಯೂಸಿಯಮ್ಮಿಗೆ ಹೋದೆವು. ಐದು ಸಲ ಬಂದಾಗಲೂ ಇದನ್ನು ಬಿಟ್ಟಿದ್ದೆ, ದುಡ್ಡು ಕೊಟ್ಟು ಗೊಂಬೆ ಏನು ನೋಡೋದು ಅಂತ. 7000ಕ್ಕೂ ಹೆಚ್ಚು ಇವೆಯಂತೆ. ಹಲ್ಲು ಕಿರಿದ ಸಿಪಾಯಿಗಳ ಸಾಲು ನೋಡಿ ನೋಡಿ ನನಗೆ ಆಕಳಿಕೆ ಬರ್ತಾ ಇತ್ತು. ಅಷ್ಟರಲ್ಲಿ ಅಮ್ಮ ಒಂದು ಗಾಜಿನ ಪೆಟ್ಟಿಗೆ ಮುಂದೆ ನಿಂತುಬಿಟ್ಟಳು. "ಇದು ನಮ್ಮ ಅಡಕತ್ತರಿ ಅಲ್ವೇನೇ?" ಹೌದು, ಅಡಕತ್ತರಿ! ಹಿತ್ತಾಳೆಯದು, ಕಬ್ಬಿಣದ್ದು, ಹಿಡಿ ಸವೆದದ್ದು. ನನ್ನ ಅಜ್ಜಿ ಜಗಲಿಯಲ್ಲಿ ಕಾಲು ಚಾಚಿ ಕೂತು, ಅಡಿಕೆ ಹೋಳನ್ನು ಹೆಬ್ಬೆರಳಲ್ಲಿ ತಳ್ಳುತ್ತಾ ಕಟ್ ಕಟ್ ಅಂತ ಕತ್ತರಿಸುತ್ತಿದ್ದಳಲ್ಲ, ಅದೇ. ಕಾಯಿ ಒಡೆಯೋದೂ ಅಡಿಕೆ ಕತ್ತರಿಸೋದೂ ಒಂದೇ ಜಾತಿ ಅಂತ ನನಗೆ ಹೊಳೆದೇ ಇರಲಿಲ್ಲ. ಅಮ್ಮ ಪಕ್ಕದಲ್ಲಿದ್ದ ಅಮೆರಿಕದ ಹೆಂಗಸಿಗೆ ಕನ್ನಡ ಮತ್ತು ಕೈಸನ್ನೆಯಲ್ಲೇ ಅಡಿಕೆ ಹೇಗೆ ಹಿಡಿಯಬೇಕು ಅಂತ ತೋರಿಸಿಕೊಟ್ಟಳು. ಆಕೆಗೆ ಏನರ್ಥ ಆಯ್ತೋ, ಇಬ್ಬರೂ ಜೋರಾಗಿ ನಕ್ಕರು.

ಸರಿ, ಅಪ್ಪನ ವಿಷಯಕ್ಕೆ ಬರುತ್ತೇನೆ.

ನಮ್ಮದು ಭದ್ರಾವತಿ. ಅಪ್ಪ ಮೂವತ್ತೆರಡು ವರ್ಷ ಕಾಗದದ ಕಾರ್ಖಾನೆಯಲ್ಲಿ ಶಿಫ್ಟ್ ಮಾಡಿದವರು. ನಾನು ಹುಟ್ಟಿದ್ದು, ಸೈಕಲ್ ಕಲಿತಿದ್ದು, ಮೊಣಕಾಲು ಕೆತ್ತಿಕೊಂಡಿದ್ದು ಎಲ್ಲ ಪೇಪರ್ ಟೌನಿನ ಕ್ವಾರ್ಟರ್ಸ್‌ನಲ್ಲಿ. ಸೈರನ್ ಕೇಳಿ ಗಡಿಯಾರ ಸರಿ ಮಾಡಿಕೊಂಡವರು ನಾವು. ಗಾಳಿ ತಿರುಗಿದರೆ ಕಾರ್ಖಾನೆ ವಾಸನೆ. ಹೊರಗಿನಿಂದ ಬಂದವರು ಮೂಗು ಮುಚ್ಚಿಕೊಂಡರೆ ನಮಗೆ ಅವಮಾನ ಆದ ಹಾಗೆ ಆಗ್ತಿತ್ತು. ಕಾರ್ಖಾನೆ ಮುಚ್ಚಿತು, ಈಗ ಆ ವಾಸನೆ ಇಲ್ಲ. ಸೈರನ್ನೂ ಇಲ್ಲ.

ಫ್ರಂಟ್ ಸ್ಟ್ರೀಟಿನಿಂದ ಕೆಳಗಿಳಿದರೆ ಹೊಳೆ ದಡದಲ್ಲಿ ಪಾರ್ಕು. ಹೋಗುವ ದಾರಿಯಲ್ಲಿ ಒಂದು ಕಡೆ ಹಳೇ ಫೋಟೊ ಹಾಕಿದ್ದರು. ಇದೇ ದಡ, ಇದೇ ಗುಡ್ಡ, ಆದರೆ ನೀರು ಕಾಣದ ಹಾಗೆ ಮರದ ದಿಮ್ಮಿಗಳು. ಹಿಂದೆ ಹೊಗೆ ಕೊಳವೆ. ಅಪ್ಪ ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಹಾಕಿಕೊಂಡರು. "ಇಲ್ಲಿ ಮಿಲ್ ಇತ್ತಾ?" ಅಂತ ಕೇಳಿದರು. ಐದು ಸಲ ಬಂದವಳಿಗೆ ಉತ್ತರ ಗೊತ್ತಿರಲಿಲ್ಲ. ನಾಚಿಕೆ ಆಯ್ತು. ಅಲ್ಲೇ ನಿಂತು ಫೋನ್ ತೆಗೆದು ಓದಿ ಹೇಳಿದೆ, ರಾತ್ರಿ ರೂಮಿಗೆ ಬಂದು ಇನ್ನಷ್ಟು ಓದಿದೆ.

ಈ ಊರಿಗೂ ಬವೇರಿಯಾಕ್ಕೂ ಸಂಬಂಧವೇ ಇಲ್ಲ. 1890ರ ಸುಮಾರಿಗೆ ಕಟ್ಟಿದ ಊರು. ಗ್ರೇಟ್ ನಾರ್ದರ್ನ್ ರೈಲು ಬಂತು, ದೊಡ್ಡ ಸಾಮಿಲ್ ಬಂತು, ಜನ ಬಂದರು. 1920ರ ದಶಕದಲ್ಲಿ ರೈಲಿನವರು ತಮ್ಮ ಯಾರ್ಡನ್ನು ಪಕ್ಕದ ವೆನಾಚಿ ಪಟ್ಟಣಕ್ಕೆ ಎತ್ತಿಕೊಂಡು ಹೋದರು, 1926ರಲ್ಲಿ ಸಾಮಿಲ್ಲೂ ಬಾಗಿಲು ಹಾಕಿತು. ಆಮೇಲೆ ಹತ್ತಾರು ವರ್ಷ ಊರು ಸುಮ್ನೆ ಸೊರಗಿತು. ಅಂಗಡಿಗಳು ಖಾಲಿ, ಹುಡುಗರು ಊರು ಬಿಟ್ಟರು. 1962ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದವರ ಸಹಾಯದಿಂದ ಊರಿನವರೇ ಕೂತು, ಊರು ಉಳಿಸೋದು ಹೇಗೆ ಅಂತ ಸಮಿತಿ ಮೇಲೆ ಸಮಿತಿ ಮಾಡಿಕೊಂಡರು. ಹೆದ್ದಾರಿಯಲ್ಲಿ ಕೆಫೆ ನಡೆಸುತ್ತಿದ್ದ ಟೆಡ್ ಪ್ರೈಸ್, ಬಾಬ್ ರಾಜರ್ಸ್ ಎಂಬಿಬ್ಬರು ಕ್ಯಾಲಿಫೋರ್ನಿಯಾದ ಸೋಲ್ವಾಂಗ್ ನೋಡಿಕೊಂಡು ಬಂದಿದ್ದರು. ಅದು ಡೆನ್ಮಾರ್ಕಿನ ರೂಪದ ಊರು. ಅಲ್ಲಾದರೆ 1911ರಲ್ಲಿ ಊರು ಕಟ್ಟಿದವರು ನಿಜವಾದ ಡೆನ್ಮಾರ್ಕಿನವರು. ಇಲ್ಲಿ ಅಂಥ ನೆಪವೂ ಇರಲಿಲ್ಲ, ಗುಡ್ಡ ಮಾತ್ರ ಬವೇರಿಯಾದ ಆಲ್ಪ್ಸ್ ಥರ ಇತ್ತು. ಅಷ್ಟೇ ಬಂಡವಾಳ. ಲಾವರ್ನ್ ಪೀಟರ್ಸನ್ ಎಂಬ ಹೆಂಗಸು ತನ್ನ ಚಿಕಮಿನ್ ಹೋಟೆಲಿಗೆ ಬವೇರಿಯಾದ ರೂಪ ಕೊಟ್ಟು ಎಡೆಲ್‌ವೈಸ್ ಅಂತ ಹೆಸರಿಟ್ಟಳು, ಒಬ್ಬೊಬ್ಬರಾಗಿ ಉಳಿದವರೂ ತಮ್ಮ ಕಟ್ಟಡಕ್ಕೆ ತಾವೇ ದುಡ್ಡು ಸುರಿದರು.

ನನ್ನ ಅರ್ಧ ಅಭಿಪ್ರಾಯ ಬದಲಾಗಿದ್ದು ಇಲ್ಲಿ. ನಕಲಿ ಅಂತ ಬೈಯೋದು ಸುಲಭ. ನಮ್ಮ ಕಡೆಯೂ ಕಾಫಿ ತೋಟದ ಮಧ್ಯೆ ಯುರೋಪಿನ ಹೆಸರಿಟ್ಟ ರೆಸಾರ್ಟ್ ಎದ್ದಿವೆ, ನೋಡಿ ನಕ್ಕಿದ್ದೇನೆ, ಮುಂದೆಯೂ ನಗುತ್ತೇನೆ. ಅವನ್ನು ಕಟ್ಟುವವರು ಹೊರಗಿನ ದುಡ್ಡಿನವರು, ಊರಿನವರು ಗೇಟ್ ಕಾಯುತ್ತಾರೆ. ಇಲ್ಲಿ ವೇಷ ಕಟ್ಟಿದವರು ಊರಿನವರೇ. ಬಣ್ಣ ಹಚ್ಚಿಕೊಂಡವನಿಗೆ ಗೊತ್ತಿರುತ್ತದೆ ತಾನು ರಾವಣ ಅಲ್ಲ ಅಂತ. ನೋಡುವವನಿಗೂ ಗೊತ್ತು. ಆದರೂ ಬೆಳಗಿನವರೆಗೂ ಆಟ ನಡೆಯುತ್ತದೆ ತಾನೆ?

ಇನ್ನರ್ಧ ಸಿಟ್ಟು ಯಾಕೆ ಉಳಿದಿದೆ ಅಂದರೆ, ಆ ವೇಷದ ಹಿಂದೆ ಏನೇನೋ ಮುಚ್ಚಿಹೋಗಿದೆ. ಐಸಿಕಲ್ ಹಳ್ಳ ವೆನಾಚಿ ಹೊಳೆಗೆ ಸೇರುವ ಜಾಗ ಇಲ್ಲೇ ಹತ್ತಿರ, ನಮ್ಮ ತುಂಗೆ ಭದ್ರೆಯರ ಕೂಡ್ಲಿ ಇದ್ದ ಹಾಗೆ. ವೆನಾಚಿ ಬುಡಕಟ್ಟಿನವರು ತಲೆಮಾರುಗಳಿಂದ ಸಾಲ್ಮನ್ ಹಿಡಿಯುತ್ತಿದ್ದ ಜಾಗ ಅದು. 1855ರ ಒಪ್ಪಂದದಲ್ಲಿ ಆ ಜಾಗ ನಿಮಗೇ ಅಂತ ಸರ್ಕಾರ ಬರೆದುಕೊಟ್ಟಿತ್ತು. ಬರೆದಿದ್ದು ಕಾಗದದಲ್ಲೇ ಉಳಿಯಿತು. ಅವರ ಹೆಸರು ಹೊಳೆಗೆ ಇದೆ, ಪಕ್ಕದ ಪಟ್ಟಣಕ್ಕೆ ಇದೆ. ಫ್ರಂಟ್ ಸ್ಟ್ರೀಟಿನ ಗೋಡೆಗಳ ತುಂಬ ಮಾತ್ರ ಎಂದೂ ಇಲ್ಲಿಗೆ ಬಾರದ ಬವೇರಿಯಾದ ಕುರುಬರು. ಒಂದು ಗೋಡೆಯನ್ನಾದರೂ ಮೀನು ಹಿಡಿಯುವವರಿಗೆ ಬಿಡಬಹುದಿತ್ತು ಅನಿಸಿತು. ಇನ್ನೊಂದು, ರೂಮಿನ ಬಾಡಿಗೆ. ಊರೊಳಗೆ ಎರಡು ರೂಮು ಹಿಡಿಯೋದು ನಮ್ಮ ಕೈಲಾಗದೆ ವೆನಾಚಿಯಲ್ಲಿ ಉಳಿದೆವು, ಅರ್ಧ ಗಂಟೆ ದೂರ. ಮಾರನೇ ದಿನ ಕಾಫಿ ಕೊಟ್ಟ ಹುಡುಗನನ್ನು ಕೇಳಿದೆ, ಅವನೂ ದಿನಾ ವೆನಾಚಿಯಿಂದಲೇ ಬರುತ್ತಾನಂತೆ. ಊರು ಉಳಿಯಿತು, ಸರಿ. ಆದರೆ ಕೆಲಸದ ಹುಡುಗರಿಗೆ ಅಲ್ಲೇ ಮನೆ ಹಿಡಿಯೋಕೆ ಆಗ್ತಿಲ್ಲ.

ಹೋಗುವವರಿಗೆ ನನ್ನ ಸಲಹೆ ಕೇಳಿ. ಶನಿವಾರ ಬೇಡ, ಆದರೆ ಭಾನುವಾರ ಹೋಗಿ ಸೋಮವಾರ ಬನ್ನಿ. ಡಿಸೆಂಬರಿನ ಕ್ರಿಸ್‌ಮಸ್ ದೀಪ ನೋಡಲೇಬೇಕು ಅಂದರೆ ಬೆಳಿಗ್ಗೆ ಏಳಕ್ಕೇ ಹೊರಡಿ, ಘಟ್ಟದ ಹಿಮಕ್ಕೆ ಚಕ್ರದ ಸರಪಳಿ ಇಟ್ಟುಕೊಳ್ಳಿ. ಚಿತ್ರಾನ್ನ ಮರೆಯಬೇಡಿ.

ವಾಪಸ್ ಬರುವಾಗ ಹೆದ್ದಾರಿ ಪಕ್ಕದ ಹಣ್ಣಿನ ಅಂಗಡಿಯಲ್ಲಿ ನಿಲ್ಲಿಸಿದೆವು. ವೆನಾಚಿ ಕಣಿವೆ ಅಂದರೆ ಸೇಬು, ಪೇರ್ ಹಣ್ಣಿನ ಸೀಮೆ. ಅಮ್ಮ ಒಂದೊಂದೇ ಹಣ್ಣು ಮೂಸಿ ಆರಿಸುತ್ತಿದ್ದಳು. ಅಪ್ಪ ಕಾರಿಗೆ ಒರಗಿ ನಿಂತು ಊರಿನ ಗೆಳೆಯರೊಬ್ಬರಿಗೆ ವಾಟ್ಸಾಪ್ ಕಾಲ್ ಮಾಡಿದ್ದರು. ಅವರೂ ಅದೇ ಕಾರ್ಖಾನೆಯವರು, ಅಪ್ಪನ ಶಿಫ್ಟಿನವರೇ. ಅಲ್ಲಿ ಆಗ ಬೆಳಗಿನ ಜಾವ, ಅವರಿಗೂ ನಿದ್ದೆ ಬರೋದಿಲ್ಲ ಅಂತ ಅಪ್ಪನಿಗೆ ಗೊತ್ತು. ನಾನು ಹಣ್ಣಿನ ಡಬ್ಬ ಡಿಕ್ಕಿಯಲ್ಲಿ ಇಡುತ್ತಿದ್ದಾಗ ಕಿವಿಗೆ ಬಿತ್ತು:

"ಇಲ್ಲೊಂದು ಊರು ನೋಡಿದೆ ಮಾರಾಯ. ಮಿಲ್ ಮುಚ್ಚಿ ನಲವತ್ತು ವರ್ಷ ಏನೂ ಇರ್ಲಿಲ್ಲವಂತೆ. ಆಮೇಲೆ ಎದ್ದು ನಿಂತ್ರಂತೆ. ಲೆಕ್ಕ ಹಾಕು ನೀನು, ನಮ್ದು ಇನ್ನೂ ಹತ್ತೇ ವರ್ಷ."