ಇನ್ನೂ ಸ್ವಲ್ಪ ಆ್ಯಕ್ಟಿವ್ ಆಗಿರೋದು ಇದೆಯಾ ಮೇಡಂ?

ಇವತ್ತು ಸಂಜೆ ಐದೂವರೆಗೆ ನಮ್ಮ ಗೇಟಿನ ಮುಂದೆ ಒಂದು ಬಿಳಿ ಕಾರು ಬಂದು ನಿಂತು ಹಾರ್ನ್ ಹೊಡೆಯಿತು. ಹೋಗಿ ನೋಡಿದರೆ, ಹಿಂದಿನ ಸೀಟಿನ ಕೆಳಗೆ, ಕಾಲಿಡುವ ಜಾಗದಲ್ಲಿ ಮುದುಡಿಕೊಂಡು ಕೂತಿದ್ದಾಳೆ ಕೆಂಪಿ, ಬೀದಿಯಿಂದ ತಂದು ನಾನು ಸಾಕಿದ ನಾಯಿ. ಬುಧವಾರ ದತ್ತು ಕೊಟ್ಟು ಕಳಿಸಿದ್ದೆ. ಇವತ್ತು ಭಾನುವಾರ. ನಾಲ್ಕು ದಿನ.

"ಇದಕ್ಕೆ ಏನೋ ಆಗಿದೆ ಮೇಡಂ, ತುಂಬಾ ಡಲ್ಲು. ಮಕ್ಕಳು ಕರೆದರೆ ಬರಲ್ಲ. ಮಂಚದ ಕೆಳಗೇ ಇರುತ್ತೆ. ಹಗಲು ಊಟ ಮುಟ್ಟಲ್ಲ. ನಿನ್ನೆ ದೇವರ ಮನೆ ಎದುರಿಗೇ ಗಲೀಜು ಮಾಡಿತು." ಕಾರಿನ ಯಜಮಾನರು ಇಷ್ಟು ಹೇಳಿ, ಗಂಟಲು ಸರಿ ಮಾಡಿಕೊಂಡು, "ಇನ್ನೂ ಸ್ವಲ್ಪ ಆ್ಯಕ್ಟಿವ್ ಆಗಿರೋದು ಯಾವುದಾದರೂ ಇದೆಯಾ? ಇದನ್ನ ಬಿಟ್ಟು ಅದನ್ನ ತಗೊಂಡು ಹೋಗ್ತೀವಿ" ಅಂದರು.

ನನ್ನ ಬಾಯಿ ಎಂಥದ್ದು ಅಂತ ನಿಮಗೆ ಗೊತ್ತು. ಆದರೆ ಕಾರಲ್ಲಿ ಇಬ್ಬರು ಮಕ್ಕಳಿದ್ದರು, ಚಿಕ್ಕವಳು ಅಳುತ್ತಿದ್ದಳು. ಅದಕ್ಕೇ ತಡೆದುಕೊಂಡು "ಇಲ್ಲ ಸರ್, ಸದ್ಯಕ್ಕೆ ಸ್ಟಾಕ್ ಇಲ್ಲ" ಅಂದೆ. ಅವರಿಗೆ ಅದು ಕುಟುಕಲೇ ಇಲ್ಲ. "ಬಂದಾಗ ಒಂದು ಫೋನ್ ಮಾಡಿ" ಅಂದು ಹೊರಟರು. ಹೊಸ ಮಿಕ್ಸಿ ಶಬ್ದ ಮಾಡುತ್ತೆ ಅಂತ ಬದಲಾಯಿಸೋಕೆ ಬಂದವರ ಹಾಗೆ!

ಕೆಂಪಿಯ ಕತ್ತಲ್ಲಿ ಹೊಸ ಕೆಂಪು ಕಾಲರ್ ಇತ್ತು. ಅದಕ್ಕೊಂದು ಗೆಜ್ಜೆ ಬೇರೆ. ನಾನು ಕಳಿಸಿದ್ದ ಹಾರ್ನೆಸ್, ಅಂದರೆ ಎದೆಗೆ ಹಾಕೋ ಬೆಲ್ಟು, ಮಡಚಿಟ್ಟ ಹಾಗೇ ಚೀಲದಲ್ಲಿ ವಾಪಸ್ ಬಂದಿದೆ. ಅವಳು ಮಲಗುತ್ತಿದ್ದ ಹಳೇ ಬೆಡ್‌ಶೀಟು, "ಒಗೀಬೇಡಿ, ಅದರ ವಾಸನೆ ಅವಳಿಗೆ ಧೈರ್ಯ" ಅಂತ ಹತ್ತು ಸಲ ಹೇಳಿ ಕೊಟ್ಟಿದ್ದು, ಘಮಘಮ ಅಂತ ಒಗೆದು ಇಸ್ತ್ರಿಯಾಗಿ ಬಂದಿದೆ. ನಾನು ಎರಡೂ ಬದಿ ಬರೆದುಕೊಟ್ಟಿದ್ದ ಕಾಗದ ಇದೆಯಲ್ಲ, ಅದರ ಮೇಲೆ ಕಾಫಿ ಲೋಟದ ಗುಂಡನೆಯ ಕಲೆ. ಅಂತೂ ಏನೋ ಒಂದಕ್ಕೆ ಉಪಯೋಗಕ್ಕೆ ಬಂತು.

ಆ ಕತ್ತಿನ ವಿಷಯ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನಗೆ ನಿದ್ದೆ ಬರಲ್ಲ. ಕೆಂಪಿ ಮರಿಯಾಗಿದ್ದಾಗ ಯಾರೋ ಅವಳ ಕತ್ತಿಗೆ ಪ್ಲಾಸ್ಟಿಕ್ ಹಗ್ಗ ಕಟ್ಟಿದ್ದಾರೆ. ಆಮೇಲೆ ಬಿಟ್ಟಿದ್ದಾರೆ, ಅಥವಾ ಅವಳೇ ಕಿತ್ತುಕೊಂಡು ಬಂದಿದ್ದಾಳೆ. ನಾಯಿ ಬೆಳೆಯಿತು, ಹಗ್ಗ ಬೆಳೆಯಲಿಲ್ಲ. ನಂಜನಗೂಡು ರಸ್ತೆಯಲ್ಲಿ ನಮಗೆ ಸಿಕ್ಕಾಗ ಹಗ್ಗ ಕಾಣುತ್ತಲೇ ಇರಲಿಲ್ಲ, ಮಾಂಸದ ಒಳಗಿತ್ತು. ಗಾಯಕ್ಕೆ ಹುಳ ಬಿದ್ದಿತ್ತು. ಡಾಕ್ಟ್ರು ಅರಿವಳಿಕೆ ಕೊಟ್ಟು ಕತ್ತರಿಸಿ ತೆಗೆದರು. ರಕ್ತ ಪರೀಕ್ಷೆಯಲ್ಲಿ ಉಣ್ಣೆ ಹುಳ ಕಚ್ಚಿ ಬರೋ ಜ್ವರ ಅಂತ ಬಂತು, 28 ದಿನ ಡಾಕ್ಸಿಸೈಕ್ಲಿನ್ ಮಾತ್ರೆ ನುಂಗಿಸಿದೆವು. ಆಮೇಲೆ ಮಕ್ಕಳಾಗದ ಆಪರೇಷನ್, ಅದು ಆಗಿದೆ ಅನ್ನೋ ಗುರುತಿಗೆ ಕಿವಿ ತುದಿಗೆ ಕತ್ತರಿ, ರೇಬಿಸ್ ಲಸಿಕೆ. ನಿಜ ಹೇಳಬೇಕಂದರೆ ಇದೆಲ್ಲ ಸುಲಭದ ಭಾಗ. ಬಿಲ್ ಕಟ್ಟಿದರೆ ಮುಗಿಯಿತು.

ಕಷ್ಟದ್ದು ಗಾಯ ಒಣಗಿದ ಮೇಲೆ ಶುರುವಾಯಿತು. ಕೆಂಪಿ ಯಾರನ್ನೂ ಹತ್ತಿರ ಸೇರಿಸುತ್ತಿರಲಿಲ್ಲ. 16 ದಿನ ನಾನು ಪೋರ್ಟಿಕೋದಲ್ಲಿ ಅವಳಿಗೆ ಬೆನ್ನು ಹಾಕಿ ಕೂತು ಪೇಪರ್ ಓದಿದ್ದೇನೆ, ಬೇಯಿಸಿದ ಮೊಟ್ಟೆ ಚೂರುಗಳನ್ನು ಹಿಂದಕ್ಕೆ ಎಸೆಯುತ್ತಾ. ಪಕ್ಕದ ಮನೆ ಆಂಟಿ "ಏನಾದರೂ ಹರಕೆಯೇನಮ್ಮ?" ಅಂತ ಕೇಳಿದರು. ಹದಿನೇಳನೇ ದಿನ ಬೆರಳ ತುದಿಗೆ ತಣ್ಣಗೆ ಮೂಗು ತಗುಲಿತು. ನಾನು ತಿರುಗಲಿಲ್ಲ. ತಿರುಗಿದ್ದರೆ ಮತ್ತೆ ಒಂದನೇ ದಿನ.

ಇನ್ನು ಹೆಲ್ಮೆಟ್. ಹೆಲ್ಮೆಟ್ ಹಾಕಿದವರನ್ನು ಕಂಡರೆ ನಿಂತಲ್ಲೇ ಉಚ್ಚೆ ಹೊಯ್ದುಕೊಳ್ಳುತ್ತಿದ್ದಳು. ಯಾಕೆ ಅಂತ ಅವಳಿಗೇ ಗೊತ್ತು. ನಮ್ಮೆಜಮಾನರ ಹೆಲ್ಮೆಟನ್ನು ನೆಲದ ಮೇಲೆ ಅಂಗಾತ ಇಟ್ಟು ದೂರದಲ್ಲಿ ತಿಂಡಿ ಹಾಕಿದೆ. ದಿನಕ್ಕೆ ಒಂದು ಗೇಣು ಹತ್ತಿರ. ಮೂರು ವಾರಕ್ಕೆ ಅದರೊಳಗೇ ಮುಖ ಹಾಕಿ ತಿಂದಳು. ಇವರು ಈಗಲೂ ಆಫೀಸಿಗೆ ಮೊಟ್ಟೆ ವಾಸನೆಯ ಹೆಲ್ಮೆಟ್ ಹಾಕಿಕೊಂಡೇ ಹೋಗುತ್ತಾರೆ, ಪಾಪ.

ಐದು ತಿಂಗಳ ಈ ಕೆಲಸವನ್ನು ಗೆಜ್ಜೆ ಕಟ್ಟಿದ ಒಂದು ಕಾಲರ್ ನಾಲ್ಕು ದಿನದಲ್ಲಿ ಮುಗಿಸಿದೆ. "ಕತ್ತಿಗೆ ಏನೂ ಹಾಕಬೇಡಿ" ಅಂತ ಕಾಗದದ ಮೊದಲ ಸಾಲಿನಲ್ಲೇ ಬರೆದಿದ್ದೆ. ಕಾಫಿ ಕಲೆಗೆ ಸರಿಯಾಗಿ ಮೇಲೆ.

ನಾಯಿ ಸಾಕುವವರ ನಡುವೆ ಒಂದು ಲೆಕ್ಕ ಇದೆ. ಮೂರು ದಿನ, ಮೂರು ವಾರ, ಮೂರು ತಿಂಗಳು. ಮೊದಲ ಮೂರು ದಿನ ನಾಯಿಗೆ ತಾನೆಲ್ಲಿದ್ದೀನಿ ಅನ್ನೋದೇ ಗೊತ್ತಿರಲ್ಲ. ಮೂರು ವಾರಕ್ಕೆ ಮನೆಯ ಹೊತ್ತುಗೊತ್ತು ತಿಳಿಯುತ್ತೆ. ಮೂರು ತಿಂಗಳಿಗೆ ಇದು ನನ್ನ ಮನೆ ಅಂತ ಅನ್ನಿಸುತ್ತೆ. ಇದೇನೂ ಶಾಸ್ತ್ರವಲ್ಲ, ಅಂದಾಜು ಅಷ್ಟೆ. ಕೆಲವಕ್ಕೆ ಬೇಗ, ಕೆಲವಕ್ಕೆ ವರ್ಷ. ಆದರೆ ನಾಲ್ಕನೇ ದಿನಕ್ಕೆ "ಇದರ ಸ್ವಭಾವ ಡಲ್ಲು" ಅಂತ ತೀರ್ಪು ಕೊಡೋರಿಗೆ ಏನು ಹೇಳೋಣ? ಬೀದಿಯಲ್ಲಿ ಹುಟ್ಟಿದ ನಾಯಿ ನಿಮ್ಮ ನುಣ್ಣನೆಯ ಟೈಲ್ಸ್ ನೋಡೇ ಇಲ್ಲ ಸ್ವಾಮಿ. ಕಾಲು ಜಾರುತ್ತೆ, ಹೆದರುತ್ತೆ. ಕುಕ್ಕರ್ ಸೀಟಿ ಕೇಳಿಲ್ಲ. ಲಿಫ್ಟು ಗೊತ್ತಿಲ್ಲ. ಮಣ್ಣು, ಹುಲ್ಲು ಇಲ್ಲದ ಕಡೆ ಹೇಗೆ ಕೂರೋದು ಅಂತಲೂ ಗೊತ್ತಿಲ್ಲ. ತಡೆದು ತಡೆದು ಕೊನೆಗೆ ಎಲ್ಲಿ ಕಾಲೊರೆಸೋ ಮ್ಯಾಟ್ ಮೆತ್ತಗೆ ಸಿಕ್ಕಿತೋ ಅಲ್ಲೇ. ಅದು ದೇವರ ಮನೆ ಎದುರಿತ್ತು, ಅಷ್ಟೆ.

ನಾನು ಮದುವೆಯಾಗಿ ಈ ಮನೆಗೆ ಬಂದಾಗ ಎಂಟು ದಿನ ಹಗಲು ಸರಿಯಾಗಿ ಊಟ ಮಾಡಿರಲಿಲ್ಲ. ರಾತ್ರಿ ಎಲ್ಲರೂ ಮಲಗಿದ ಮೇಲೆ ಅಡುಗೆ ಮನೆಗೆ ಹೋಗಿ ಕೋಡುಬಳೆ ಕದ್ದು ತಿನ್ನುತ್ತಿದ್ದೆ. ಆಗ ನನ್ನನ್ನು ಡಲ್ಲು ಅಂತ ಕಾರಲ್ಲಿ ತಂದು ತೌರಿಗೆ ಬಿಟ್ಟು, "ಆ್ಯಕ್ಟಿವ್ ಆಗಿರೋ ತಂಗಿ ಇದ್ದಾಳಾ?" ಅಂದಿದ್ದರೆ? (ಅತ್ತೆ ಇದನ್ನು ಓದಿ "ಹೊಳೆದಿರಲಿಲ್ಲ ನೋಡು" ಅಂತ ಕಾಮೆಂಟ್ ಹಾಕಬಹುದು. ಹಾಕಲಿ.)

ನಾಯಿಯ ಗುಣ ನೋಡೋದು ಹೇಗೆ ಅಂತ ಕೇಳೋರಿಗೆ ಒಂದು ಮಾತು. ಹೊರದೇಶದ ಶೆಲ್ಟರುಗಳಲ್ಲಿ ಇದಕ್ಕೆ ಪರೀಕ್ಷೆಗಳಿವೆ. ಕೋಲಿನ ತುದಿಗೆ ರಬ್ಬರ್ ಕೈ ಕಟ್ಟಿ ನಾಯಿ ತಿನ್ನುವಾಗ ಬಟ್ಟಲಿಗೆ ಚಾಚುತ್ತಾರೆ. ಕಚ್ಚಿದರೆ ಫೇಲ್. 2016ರಲ್ಲಿ ಪ್ಯಾಟ್ರೊನೆಕ್ ಮತ್ತು ಬ್ರಾಡ್ಲಿ ಅನ್ನೋ ಇಬ್ಬರು ಸಂಶೋಧಕರು ಇಂಥ ಪರೀಕ್ಷೆಗಳನ್ನೆಲ್ಲ ಜಾಲಾಡಿ, ಶೆಲ್ಟರಿನಲ್ಲಿ ಕೆಣಕಿ ನೋಡಿ ಅಳೆಯೋದು ನಾಣ್ಯ ಚಿಮ್ಮಿ ನೋಡಿದ್ದಕ್ಕಿಂತ ಮೇಲೇನಲ್ಲ ಅಂತ ಬರೆದರು. ಯಾಕೆ ಅನ್ನೋದು ಒಂದು ಸಲ ಶೆಲ್ಟರಿಗೆ ಹೋಗಿ ಬಂದವರಿಗೆ ಗೊತ್ತಾಗುತ್ತೆ. ಹಗಲೂ ರಾತ್ರಿ ನೂರು ನಾಯಿ ಬೊಗಳುವ ಕಡೆ ಯಾವ ನಾಯಿ ತಾನೇ ತಾನಾಗಿರುತ್ತೆ?

ನನ್ನ ಪರೀಕ್ಷೆ ಅಂದರೆ ಸುಮ್ನೆ ನೋಡೋದು. ಎರಡು ವಾರ ಏನೂ ಬರೆದುಕೊಳ್ಳಲ್ಲ. ಆಮೇಲೆ ನೋಡುತ್ತೇನೆ, ನಾನಿದ್ದಾಗ ತಿನ್ನುತ್ತಾ, ಹೋದ ಮೇಲೆ ತಿನ್ನುತ್ತಾ. ಪೊರಕೆ ಎತ್ತಿದರೆ ಏನು ಮಾಡುತ್ತೆ. ಬಾಯಲ್ಲಿ ಮೂಳೆ ಇದ್ದಾಗ ಅದಕ್ಕಿಂತ ರುಚಿಯಾದ್ದು ತೋರಿಸಿದರೆ ಬಿಡುತ್ತಾ. ಕಿತ್ತುಕೊಳ್ಳಲ್ಲ, ವ್ಯಾಪಾರ ಮಾಡುತ್ತೇನೆ. ನಿದ್ದೆ ಬರದೆಯೇ ಆಕಳಿಸಿದರೆ, ಮೂಗು ನೆಕ್ಕಿಕೊಂಡರೆ, ಕಣ್ಣಂಚಲ್ಲಿ ಬಿಳಿ ಕಂಡರೆ, ಅದು "ಸಾಕು, ಹತ್ತಿರ ಬರಬೇಡ" ಅನ್ನೋ ಮಾತು. ಗುರ್ ಅಂದರೆ ಬೈಬೇಡಿ ಮಾರಾಯ್ರೆ. ಗುರ್ ಅನ್ನೋದು ನಾಯಿ ಕೊಡುವ ನೋಟಿಸು. ಬೈದು ಬೈದು ಅದನ್ನು ನಿಲ್ಲಿಸಿದರೆ ಮುಂದಿನ ಸಲ ನೋಟಿಸ್ ಇಲ್ಲದೆ ಹಲ್ಲೇ ಬರುತ್ತೆ. "ಬೊಗಳೋ ನಾಯಿ ಕಚ್ಚಲ್ಲ" ಅಂತ ಗಾದೆ ಮಾಡಿದವರು ಯಾರೋ, ಪುಣ್ಯಾತ್ಮರು, ಗೇಟಿನ ಆಚೆ ನಿಂತೇ ಮಾಡಿರಬೇಕು.

ಈಗ ಕಾಮೆಂಟಲ್ಲಿ ಬರುವ ಮಾತು ನನಗೆ ಗೊತ್ತು. "ನೀವು ರೆಸ್ಕ್ಯೂನವರು ಅತಿ ಮಾಡ್ತೀರ. ಆಧಾರ್ ಕೇಳ್ತೀರ, ಮನೆ ನೋಡೋಕೆ ಬರ್ತೀರ, ಓನರ್ ಒಪ್ಪಿಗೆ ಕೇಳ್ತೀರ. ಹೆಣ್ಣು ಕೊಡೋವಾಗಲೂ ಇಷ್ಟು ಕೇಳಲ್ಲ. ಅದಕ್ಕೇ ಜನ ದುಡ್ಡು ಕೊಟ್ಟು ಬ್ರೀಡ್ ತರ್ತಾರೆ." ತರಲಿ. ಹಾಗೆ ತಂದ ಚಳಿ ದೇಶದ ಹಸ್ಕಿ ನಾಯಿ ಬೇಸಿಗೆಯಲ್ಲಿ ಏದುಸಿರು ಬಿಡುವಾಗ ಫೋನ್ ಬರೋದು ನಮ್ಮಂಥವರಿಗೇ. ಹೆಣ್ಣು ಕೊಡೋವಾಗ ಇಷ್ಟು ಕೇಳಿದ್ದರೆ ಎಷ್ಟೋ ಮನೆ ಉಳಿಯುತ್ತಿತ್ತು ಅನ್ನೋದು ಬೇರೆ ಮಾತು. ಅಷ್ಟೆಲ್ಲ ಕೇಳಿಯೂ ನಾಲ್ಕು ದಿನಕ್ಕೆ ವಾಪಸ್ ಬಂತಲ್ಲ, ಹಾಗಾದರೆ ನಾನು ಕೇಳಿದ್ದು ಜಾಸ್ತಿಯೋ, ಕಡಿಮೆಯೋ?

ಇನ್ನೊಂದು ಮಾತೂ ಬರುತ್ತೆ. "ಎಲ್ಲ ನಾಯಿಗಳೂ ಸಾಧು ಅಲ್ಲ, ಮನೇಲಿ ಮಕ್ಕಳಿರ್ತಾರೆ." ಇದಕ್ಕೆ ಜೋರಾಗಿ ಉತ್ತರ ಕೊಡೋಕೆ ನನ್ನಿಂದ ಆಗಲ್ಲ. ಯಾಕೆ ಅಂತ ಇಲ್ಲಿ ಇದುವರೆಗೂ ಬರೆದಿಲ್ಲ.

2019ರಲ್ಲಿ ಕರಿಯ ಅಂತ ಒಬ್ಬನಿದ್ದ. ತಟ್ಟೆ ಹತ್ತಿರ ಯಾರನ್ನೂ ಬಿಡುತ್ತಿರಲಿಲ್ಲ. ನನಗೆ ಚೆನ್ನಾಗಿ ಗೊತ್ತಿತ್ತು, ನನಗೇ ಒಂದು ಸಲ ಹಲ್ಲು ತಾಗಿಸಿದ್ದ. ಆಗ ನಮ್ಮಲ್ಲಿ ಏಳು ನಾಯಿಗಳಿದ್ದವು, ದುಡ್ಡಿರಲಿಲ್ಲ, ಮನೆಯಲ್ಲಿ ಜಗಳ. ಒಳ್ಳೆಯ ಮನೆಯವರು ಬಂದು ಕೇಳಿದರು. ಆರು ವರ್ಷದ ಹುಡುಗ ಇದ್ದ. "ಊಟದ ಹೊತ್ತಲ್ಲಿ ಸ್ವಲ್ಪ ಸಿಡುಕ, ಅಷ್ಟೆ" ಅಂದುಬಿಟ್ಟೆ. ಹನ್ನೊಂದನೇ ದಿನ ಹುಡುಗ ಕೆಳಗೆ ಬಿದ್ದ ಬಿಸ್ಕತ್ತು ಎತ್ತಿಕೊಳ್ಳೋಕೆ ಹೋದ. ಕರಿಯ ಅವನ ಕೈಗೆ ಕಚ್ಚಿದ. ಕರಿಯನಿಗೆ ಲಸಿಕೆ ಆಗಿತ್ತು, ಆದರೂ ಡಾಕ್ಟರು ಮಗುವಿಗೆ ಇಂಜೆಕ್ಷನ್ ಕೋರ್ಸು ಶುರು ಮಾಡಿದರು. ಆ ತಾಯಿ ಫೋನಲ್ಲಿ ಕೂಗಾಡಲಿಲ್ಲ. "ನಿಮಗೆ ಮೊದಲೇ ಗೊತ್ತಿತ್ತಾ?" ಅಂತ ಮಾತ್ರ ಕೇಳಿದರು. ನಾನು ಇಲ್ಲ ಅಂದೆ.

ಆ ಹುಡುಗ ಈಗಲೂ ನಾಯಿ ಕಂಡರೆ ರಸ್ತೆಯ ಆಚೆ ಬದಿಗೆ ಹೋಗುತ್ತಾನಂತೆ. ಕರಿಯ ಕೊನೆಯವರೆಗೂ ನಮ್ಮಲ್ಲೇ ಉಳಿದ. ಎರಡೂ ಬದಿ ಬರೆದ ಕಾಗದ ಶುರುವಾದದ್ದು ಅವತ್ತಿನಿಂದ. ಒಂದು ಬದಿ ನಾಯಿಯ ಒಳ್ಳೆಯದು, ಇನ್ನೊಂದು ಬದಿ ಕೆಟ್ಟದ್ದು, ಒಂದನ್ನೂ ಬಿಡದೆ. ಅದಕ್ಕೇ ಅದರ ಮೇಲೆ ಕಾಫಿ ಲೋಟ ಇಟ್ಟರೆ ನನಗೆ ಅಷ್ಟು ಉರಿಯೋದು.

"ಎಲ್ಲ ನಾಯೀನೂ ಶೆಲ್ಟರಿಗೆ ಹಾಕಿಬಿಡಲಿ, ತಾಪತ್ರಯವೇ ಇಲ್ಲ" ಅನ್ನೋರಿಗೆ ನಾಲ್ಕೇ ಮಾತು. ಬೆಂಗಳೂರೊಂದರಲ್ಲೇ 2023ರ ಎಣಿಕೆಯ ಪ್ರಕಾರ ಸುಮಾರು 2.79 ಲಕ್ಷ ಬೀದಿ ನಾಯಿಗಳು. ಎಲ್ಲಿ ಇಡ್ತೀರಿ? ದೆಹಲಿ ಸುತ್ತಮುತ್ತಲಿನವನ್ನೆಲ್ಲ ಹಿಡಿದು ಹಾಕಿ ಅಂತ 2025ರ ಆಗಸ್ಟ್ 11ರಂದು ಹೇಳಿದ್ದ ಸುಪ್ರೀಂ ಕೋರ್ಟೇ 22ರಂದು ಅದನ್ನು ಸಡಿಲಿಸಿ, ರೇಬಿಸ್ ಇರುವ, ಮೇಲೆ ಬೀಳುವ ನಾಯಿಗಳನ್ನು ಬಿಟ್ಟು ಉಳಿದವನ್ನು ಆಪರೇಷನ್ ಮತ್ತು ಲಸಿಕೆ ಮಾಡಿ ಹಿಡಿದ ಜಾಗಕ್ಕೇ ಬಿಡಿ ಅಂದಿತು. ಅದೇ ಆದೇಶದಲ್ಲಿ ಇನ್ನೊಂದು ಮಾತಿದೆ, ಯಾರೂ ಗಮನಿಸಲಿಲ್ಲ. ಬೇಕಾದವರು ಬೀದಿ ನಾಯಿಯನ್ನು ದತ್ತು ತೆಗೆದುಕೊಳ್ಳಬಹುದು, ಆದರೆ ಅದು ಮತ್ತೆ ಬೀದಿಗೆ ಬಾರದ ಹಾಗೆ ನೋಡಿಕೊಳ್ಳುವ ಹೊಣೆ ಅವರದೇ. ಇಷ್ಟರ ಮಟ್ಟಿಗೆ ಬಿಳಿ ಕಾರಿನವರು ವಾಸಿ. ಬೆಟ್ಟದ ದಾರಿಯಲ್ಲಿ ಇಳಿಸಿ ಹೋಗಲಿಲ್ಲ, ನನ್ನ ಗೇಟಿಗೆ ತಂದರು. ಈ ಒಂದು ಸಾಲು ಬರೆಯೋಕೆ ನನಗೆ ಎಷ್ಟು ಕಷ್ಟವಾಯಿತು ಅಂತ ನಿಮಗೆ ಗೊತ್ತಿಲ್ಲ.

ಮದ್ದೂರು ತಾಲೂಕಿನ ಆತಕೂರಿನ ಶಾಸನ ಕೇಳಿದ್ದೀರಲ್ಲ. 949ರ ತಕ್ಕೋಲಂ ಯುದ್ಧ ಮುಗಿದ ಮೇಲೆ ಗಂಗರ ರಾಜ ಬೂತುಗ ತನ್ನ ವೀರ ಮಣಲೇರನಿಗೆ ಮೆಚ್ಚಿ ಏನು ಬೇಕು ಕೇಳು ಅಂದಾಗ, ಅವನು ಬೇಡಿದ್ದು ರಾಜನ ಬೇಟೆನಾಯಿ ಕಾಳಿಯನ್ನು. ಆ ಕಾಳಿ ಕಾಡುಹಂದಿಯ ಜೊತೆ ಕಾದಾಡಿ, ಎರಡೂ ಸತ್ತವು. ಮಣಲೇರ ಅದಕ್ಕೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟ. ನನ್ನ ಲೆಕ್ಕದಲ್ಲಿ ಕನ್ನಡದಲ್ಲಿ ದಾಖಲಾದ ಮೊದಲ ಅಡಾಪ್ಷನ್ ಇದು. ಬೂತುಗ ಹೋಮ್ ಚೆಕ್ ಮಾಡಿದ್ದನೋ ಇಲ್ಲವೋ, ಮಣಲೇರನಂತೂ ನಾಲ್ಕು ದಿನಕ್ಕೆ ಬಂದು "ಪ್ರಭೂ, ಇನ್ನೂ ಆ್ಯಕ್ಟಿವ್ ಆಗಿರೋದು ಇದೆಯಾ" ಅಂದ ಹಾಗೆ ಶಾಸನದಲ್ಲಿಲ್ಲ.

ಈಗ ರಾತ್ರಿ ಹನ್ನೊಂದೂವರೆ. ಕಾಲರ್ ಬಿಚ್ಚೋಕೆ ಒಂದೂ ಮುಕ್ಕಾಲು ಗಂಟೆ ಹಿಡಿಯಿತು. ಕೆಂಪಿ ಸ್ಕೂಟರ್ ಹಿಂದೆ, ಗೋಡೆಗೆ ಅಂಟಿಕೊಂಡಿದ್ದಾಳೆ. ಮೊಟ್ಟೆ ಚೂರು ಎಸೆದೆ, ಮುಟ್ಟಿಲ್ಲ. ನಾಳೆಯಿಂದ ಮತ್ತೆ ಬೆನ್ನು ಹಾಕಿ ಪೇಪರ್ ಓದಬೇಕು.

ಅವಳನ್ನು ನೋಡಬೇಕು ಅನ್ನೋರು ಎರಡು ತಿಂಗಳು ಬಿಟ್ಟು ಬನ್ನಿ. ಕರೆಯಬೇಡಿ, ತಲೆ ಸವರೋಕೆ ಹೋಗಬೇಡಿ, ಸುಮ್ನೆ ಬಂದು ಕೂತುಕೊಳ್ಳಿ, ಕಾಫಿ ಕೊಡುತ್ತೇನೆ. ಹೆಲ್ಮೆಟ್ ಮಾತ್ರ ಗೇಟಿನ ಆಚೆಯೇ ತೆಗೆದು ಬನ್ನಿ.