ಎಚ್ಚರವಿದ್ದೇ ಎಚ್ಚರ ತಪ್ಪುವ ವಿದ್ಯೆ

ಕುಡಿದವನಿಗೆ ನಿದ್ದೆ ಬರುವುದು ಪ್ರಕೃತಿ ಮಾಡಿಟ್ಟಿರುವ ದೊಡ್ಡ ಉಪಕಾರ. ಐದನೆಯ ಲೋಟಕ್ಕೆ ಮೇಜಿನ ಮೇಲೆ ತಲೆಯಿಟ್ಟವನು ಆರನೆಯದನ್ನು ಕೇಳುವುದಿಲ್ಲ, ಬೈಕಿನ ಕೀಲಿಗಾಗಿ ಜೇಬು ತಡಕುವುದಿಲ್ಲ. ಈ ಉಪಕಾರವನ್ನೇ ದೊಡ್ಡ ಕೊರತೆಯೆಂದು ಬಗೆದು, ಅದನ್ನು ನೀಗಿಸಲು ಟೊಂಕ ಕಟ್ಟಿದವರ ಸಾಹಸವನ್ನು ಮೆಚ್ಚದೆ ಇರಲಾಗದು.

ಅಮೆರಿಕದಲ್ಲಿ ಒಹಾಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಕಲಿತ ಮೂವರು ಗೆಳೆಯರು 2005ರಲ್ಲಿ ಕಂಪನಿಯೊಂದನ್ನು ತೆರೆದು, ಮುಂದೆ ‘ಫೋರ್ ಲೋಕೋ’ ಎಂಬ ಪಾನೀಯವನ್ನು ಮಾರುಕಟ್ಟೆಗೆ ಬಿಟ್ಟರು. ಹೆಸರಿನಲ್ಲಿರುವ ನಾಲ್ಕು ಎಂದರೆ ಮದ್ಯಸಾರ, ಕಾಫಿಯಲ್ಲಿ ಎಚ್ಚರ ತರಿಸುವ ಕೆಫೀನ್, ಎನರ್ಜಿ ಡ್ರಿಂಕುಗಳಿಗೆ ಹಾಕುವ ಟಾರಿನ್ ಮತ್ತು ಗ್ವಾರಾನಾ. ಗ್ವಾರಾನಾ ಎಂಬ ಅಮೆಜಾನಿನ ಬೀಜದಲ್ಲಿರುವುದೂ ಮುಖ್ಯವಾಗಿ ಕೆಫೀನೇ ಆದ್ದರಿಂದ ನಾಲ್ಕರ ಲೆಕ್ಕದಲ್ಲಿ ಒಂದು ಸುಳ್ಳು. ಆದರೆ ‘ಲೋಕೋ’ ಎಂದರೆ ಸ್ಪ್ಯಾನಿಷಿನಲ್ಲಿ ಹುಚ್ಚ, ಅದರಲ್ಲಿ ಮಾತ್ರ ಸುಳ್ಳಿಲ್ಲ. ಸುಮಾರು 700 ಮಿಲಿಲೀಟರಿನ, ಶೇ. 12ರವರೆಗೆ ಮದ್ಯಸಾರವಿದ್ದ ಒಂದೊಂದು ಡಬ್ಬಿಯೂ ನಾಲ್ಕೈದು ಬಿಯರಿಗೆ ಸಮ. ರುಚಿ ಮಾತ್ರ ಕಲ್ಲಂಗಡಿಯದು.

ಕುಡಿದವನ ಒಂದು ಕಿವಿಗೆ ಜೋಗುಳ, ಇನ್ನೊಂದು ಕಿವಿಗೆ ಡೊಳ್ಳು. ಕೆಫೀನ್ ಮಿದುಳಿಗೆ ಆಯಾಸದ ಸುದ್ದಿ ತಲುಪದಂತೆ ಬಾಗಿಲು ಹಾಕುತ್ತದೆಯೇ ಹೊರತು ರಕ್ತದಲ್ಲಿರುವ ಮದ್ಯಸಾರದ ಒಂದು ಹನಿಯನ್ನೂ ಕರಗಿಸುವುದಿಲ್ಲ. ಹೀಗಾಗಿ ಮತ್ತೇರಿದವನಿಗೆ ತನಗೆ ಮತ್ತೇರಿಲ್ಲವೆಂಬ ದೃಢವಿಶ್ವಾಸವೊಂದು ಉಚಿತವಾಗಿ ದೊರೆಯುತ್ತದೆ. 2010ರ ಅಕ್ಟೋಬರಿನಲ್ಲಿ ವಾಷಿಂಗ್ಟನ್ ರಾಜ್ಯದ ರಾಸ್ಲಿನ್ ಎಂಬ ಊರಿನ ಕೂಟವೊಂದರಲ್ಲಿ ಒಂಬತ್ತು ವಿದ್ಯಾರ್ಥಿಗಳು ಆಸ್ಪತ್ರೆ ಸೇರಿದಾಗ, ಯಾರೋ ದುಷ್ಟರು ಪಾನೀಯಕ್ಕೆ ಮಾದಕದ್ರವ್ಯ ಬೆರೆಸಿರಬೇಕೆಂದು ಮೊದಲಿಗೆ ಶಂಕಿಸಲಾಗಿತ್ತು. ಅವರು ಕುಡಿದಿದ್ದ ಫೋರ್ ಲೋಕೋಗೆ ಬೆರೆಸಿದ್ದನ್ನೆಲ್ಲ ಕಂಪನಿಯೇ ಡಬ್ಬಿಯ ಮೇಲೆ ಹೆಸರು ಹಾಕಿ ಬೆರೆಸಿತ್ತು.

ಆಗ ಸರ್ಕಾರ ಎಚ್ಚೆತ್ತಿತು, ಅದೂ ಕೆಫೀನಿನ ನೆರವಿಲ್ಲದೆ. ನವೆಂಬರ್ 17ರಂದು ಅಲ್ಲಿನ ಆಹಾರ ಮತ್ತು ಔಷಧ ಆಡಳಿತವು ನಾಲ್ಕು ಕಂಪನಿಗಳಿಗೆ ಪತ್ರ ಬರೆದು, ಇಂಥ ಮದ್ಯಕ್ಕೆ ಸೇರಿಸಿದ ಕೆಫೀನ್ ಅಸುರಕ್ಷಿತವೆಂದು ಸಾರಿತು. ಫೋರ್ ಲೋಕೋದವರು ಹಿಂದಿನ ದಿನವೇ ಕೆಫೀನನ್ನು ಕೈಬಿಡುವುದಾಗಿ ಹೇಳಿಬಿಟ್ಟಿದ್ದರು. ಲೋಕಕಲ್ಯಾಣವಾಯಿತು. ಕಾರ್ಖಾನೆಯ ಡಬ್ಬಿಯಲ್ಲಿ ಕೂಡಿದರೆ ಕಲಬೆರಕೆ, ಬಾರಿನ ಗಾಜಿನ ಲೋಟದಲ್ಲಿ ಕೂಡಿದರೆ ಕಾಕ್‌ಟೇಲ್ ಎಂಬ ಸೂಕ್ಷ್ಮ ಧರ್ಮವನ್ನು ಅಂದಿನಿಂದ ಎಲ್ಲರೂ ನಿಷ್ಠೆಯಿಂದ ಪಾಲಿಸುತ್ತಿದ್ದಾರೆ. ವೋಡ್ಕಾಕ್ಕೆ ರೆಡ್ ಬುಲ್ ಸುರಿಯುವ ಕೈಗೆ ಯಾವ ಪತ್ರವೂ ಬರಲಿಲ್ಲ.

ಬೆಂಗಳೂರಿನ ಪಬ್ಬುಗಳೂ ಈ ಧರ್ಮದಲ್ಲಿ ಹಿಂದೆ ಬಿದ್ದಿಲ್ಲ. ಇಲ್ಲಿ ಇಂಥ ಬೆರಕೆಯನ್ನು ‘ಬಾಂಬ್’ ಎಂದೇ ಕರೆದು ಮಾರುವ ಪ್ರಾಮಾಣಿಕತೆಯೂ ಉಂಟು. ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರವು ಕೆಫೀನ್ ಪಾನೀಯದ ಲೀಟರಿಗೆ 145ರಿಂದ 300 ಮಿಲಿಗ್ರಾಂ ಎಂದು ಮಿತಿ ಹಾಕಿ, ದಿನಕ್ಕೆ 500 ಮಿಲಿಲೀಟರ್ ಮೀರಬಾರದೆಂದು ಡಬ್ಬಿಯ ಮೇಲೆ ಬರೆಸಿದೆ. ಡಬ್ಬಿ ಒಡೆಯುವುದು ಕೌಂಟರಿನ ಆಚೆ, ಕುಡಿಯುವುದು ಈಚೆ. ಆ ಬರಹವನ್ನು ಓದುವ ಭಾಗ್ಯ ಬಾರಿನ ಕಸದ ಬುಟ್ಟಿಗೆ ಮಾತ್ರ. ಹೊರಗೆ ನಿಂತಿರುವ ಸಂಚಾರಿ ಪೊಲೀಸರ ಯಂತ್ರವಂತೂ ಬಹಳ ಅರಸಿಕ. ಅದಕ್ಕೆ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮದ್ಯಸಾರದ ಲೆಕ್ಕ ಗೊತ್ತೇ ಹೊರತು, ಊದುತ್ತಿರುವವನ ಉತ್ಸಾಹದ ಅಳತೆ ಗೊತ್ತಿಲ್ಲ.

ಇಷ್ಟಕ್ಕೂ ತೃಪ್ತರಾಗದ ಪಂಡಿತರು ಇದರ ಮೇಲೆ ಎಂಡಿಎಂಎ ಎಂಬ ಮಾದಕದ್ರವ್ಯದ ಮಾತ್ರೆಯನ್ನೂ ನುಂಗುತ್ತಾರೆ. ಮಾತ್ರೆ ಮೈಯ ಬಿಸಿಯನ್ನೂ ಎದೆಬಡಿತವನ್ನೂ ಏರಿಸುತ್ತದೆ, ಕೆಫೀನ್ ಆ ಎದೆಗೆ ಮತ್ತೊಂದು ಚಾಟಿ ಬೀಸುತ್ತದೆ, ಮದ್ಯ ಮೈಯ ನೀರನ್ನು ಹೊರಹಾಕುತ್ತದೆ. ಇದಕ್ಕೆ ಅವರು ಇಟ್ಟಿರುವ ಹೆಸರು ಮೋಜು. ತುರ್ತು ಚಿಕಿತ್ಸಾ ಘಟಕದವರ ಕಡತದಲ್ಲಿ ಬೇರೆ ಹೆಸರಿರುತ್ತದೆ.

ಅಂದಹಾಗೆ, ಮಾರಾಟವಾಗದೆ ಉಳಿದ ಹಳೆಯ ಫೋರ್ ಲೋಕೋ ಡಬ್ಬಿಗಳು 2011ರಲ್ಲಿ ಲಾರಿಗಟ್ಟಲೆ ವರ್ಜೀನಿಯಾದ ಸಂಸ್ಕರಣಾ ಘಟಕವೊಂದಕ್ಕೆ ಹೋದವು. ಅಲ್ಲಿ ಅದರ ಮದ್ಯಸಾರವನ್ನು ಬಟ್ಟಿ ಇಳಿಸಿ, ಪೆಟ್ರೋಲಿಗೆ ಬೆರೆಸುವ ಎಥೆನಾಲ್ ಮಾಡಿದರು. ಕುಡಿದ ಕಾರುಗಳಲ್ಲಿ ಯಾವುದೂ ತಾನು ಪೂರ್ತಿ ಎಚ್ಚರವಾಗಿದ್ದೇನೆಂದು ವಾದಿಸಿದ ವರದಿಯಿಲ್ಲ.