ಊರು ಕೇಳಿದರೆ ಜಾತಿ ಹೇಳುವವರು

ನಿನ್ನೆ ಗೃಹಪ್ರವೇಶದ ಊಟಕ್ಕೆ ಭಾವ ನನ್ನ ಪಕ್ಕದಲ್ಲೇ ಕೂತರು. ಯುರೋಪ್ ಪ್ರವಾಸ ಮುಗಿಸಿ ಬಂದು ಹದಿನೈದು ದಿನವಾಯಿತು, ಫೋಟೋ ತೋರಿಸುವುದು ಇನ್ನೂ ಮುಗಿದಿಲ್ಲ. ಎಡಗೈಯಲ್ಲಿ ಮೊಬೈಲ್, ಬಲಗೈಯಲ್ಲಿ ಹೋಳಿಗೆ. ಆಲ್ಪ್ಸ್ ಆಯಿತು, ಐಫೆಲ್ ಗೋಪುರ ಆಯಿತು, ಆಮೇಲೆ ಆಶ್ವಿಟ್ಜ್, ಪೋಲೆಂಡಿನಲ್ಲಿ ನಾಜಿಗಳು ನಡೆಸಿದ ಕೊಲೆ ಶಿಬಿರ. ಕಬ್ಬಿಣದ ಅಕ್ಷರಗಳ ಆ ಗೇಟಿನ ಕೆಳಗೆ ನಿಂತ ಭಾವ. "ಅರವತ್ತು ಲಕ್ಷ ಜನ ಇಲ್ಲೇ" ಎಂದರು. ಅಲ್ಲಿ ಸತ್ತವರು ಸುಮಾರು 11 ಲಕ್ಷ, ಅರವತ್ತು ಲಕ್ಷ ಎನ್ನುವುದು ಕೊಲೆಯಾದ ಯಹೂದಿಗಳ ಒಟ್ಟು ಲೆಕ್ಕ. ತಿದ್ದಲು ಹೋಗಲಿಲ್ಲ, ತುಪ್ಪ ಬಡಿಸುವವರು ಬಂದಿದ್ದರು.

"ಅವರೆಲ್ಲ ಯಾವ ಊರಿನವರು ಭಾವ?" ಎಂದಷ್ಟೇ ಕೇಳಿದೆ.

"ಯಹೂದಿಗಳು, ಇನ್ಯಾರು?"

ಊರು ಕೇಳಿದರೆ ಜಾತಿ ಹೇಳಿದರು. ರಾತ್ರಿಯಿಡೀ ಇದೇ ಕೊರೆಯುತ್ತಿದೆ. ಸತ್ತ ಜಾಗ ಎಲ್ಲರಿಗೂ ಗೊತ್ತು, ಟಿಕೆಟ್ ಕೊಂಡು ಹೋಗಿ ನೋಡಿಯೂ ಬರುತ್ತಾರೆ. ಬದುಕಿದ್ದ ಜಾಗ?

ಗ್ರೀಸಿನ ಥೆಸಲೋನಿಕಿಯನ್ನೇ ತೆಗೆದುಕೊಳ್ಳಿ. 1492ರಲ್ಲಿ ಸ್ಪೇನ್ ಹೊರಗಟ್ಟಿದ ಯಹೂದಿಗಳಲ್ಲಿ ಸಾವಿರಾರು ಮಂದಿ ಆ ಬಂದರಿಗೆ ಬಂದು ನೆಲೆಸಿದರು. ಬರುವಾಗ ತಂದ ಸ್ಪ್ಯಾನಿಷ್ ಭಾಷೆಯನ್ನು ನಾನೂರೈವತ್ತು ವರ್ಷ ಮನೆಯಲ್ಲಿ, ಸಂತೆಯಲ್ಲಿ, ಜಗಳದಲ್ಲಿ ಉಳಿಸಿಕೊಂಡರು. ಲಾದಿನೊ ಎನ್ನುತ್ತಾರೆ. ಬಂದರಿನಲ್ಲಿ ಮೂಟೆ ಹೊರುವವರೂ ಅವರೇ. ಅವರನ್ನು ಕರೆಯುತ್ತಿದ್ದುದು ಹಮಾಲ್ ಎಂದು. ನಮ್ಮಪ್ಪ ಎಪಿಎಂಸಿಯಲ್ಲಿ ಗುಮಾಸ್ತರಾಗಿದ್ದುದು ನಿಮಗೆಲ್ಲ ಗೊತ್ತು. ಹಮಾಲಿ ಎನ್ನುವ ಮಾತು ಕಿವಿಗೆ ಬಿದ್ದರೆ ನನಗೆ ಗೋಣಿಚೀಲದ ವಾಸನೆಯೇ ಬರುತ್ತದೆ. ಅರಬ್ಬಿಯಿಂದ ಹೊರಟ ಒಂದೇ ಪದ ಅಲ್ಲಿಗೂ ಹೋಗಿದೆ, ಇಲ್ಲಿಗೂ ಬಂದಿದೆ. ಆ ಹಮಾಲರಿಗೆ ಶನಿವಾರ ಸಬ್ಬತ್, ಅಂದರೆ ದುಡಿಯಬಾರದ ದಿನ, ಎಂದು ಇಡೀ ಬಂದರು ಬಾಗಿಲು ಹಾಕುತ್ತಿತ್ತು. ಒಂದು ಊರೆಂದರೆ ಇದು ಸ್ವಾಮಿ!

1942ರ ಜುಲೈ 11, ಅದೂ ಶನಿವಾರವೇ. ಊರು ಆಗ ಜರ್ಮನ್ನರ ಕೈಯಲ್ಲಿತ್ತು. ಸುಮಾರು 9,000 ಯಹೂದಿ ಗಂಡಸರನ್ನು ಚೌಕಕ್ಕೆ ಕರೆಸಿ, ಬಿಸಿಲಿನಲ್ಲಿ ಗಂಟೆಗಟ್ಟಲೆ ನಿಲ್ಲಿಸಿ, ಬಸ್ಕಿ ಹೊಡೆಸಿದರು. ಚೌಕದ ಹೆಸರು ಸ್ವಾತಂತ್ರ್ಯ ಚೌಕ. (ಯುದ್ಧ ಮುಗಿದ ಮೇಲೆ ವರ್ಷಗಟ್ಟಲೆ ಅದು ಕಾರು ನಿಲ್ಲಿಸುವ ಜಾಗವಾಗಿತ್ತು.) ಡಿಸೆಂಬರಿನಲ್ಲಿ ಅವರ ಸ್ಮಶಾನವನ್ನು ಅಗೆದು ಹಾಕಿದರು. ಮೂರು ಲಕ್ಷಕ್ಕೂ ಹೆಚ್ಚು ಸಮಾಧಿಗಳು. ಕಲ್ಲುಗಳು ಊರಿನ ಕಟ್ಟಡಗಳಿಗೆ, ಅಂಗಳಗಳಿಗೆ ಹೋದವು. ಇದನ್ನು ಜರ್ಮನ್ನರ ತಲೆಗೆ ಮಾತ್ರ ಕಟ್ಟುವ ಹಾಗಿಲ್ಲ. ಆ ನೆಲದ ಮೇಲೆ ಊರಿನ ಆಡಳಿತಕ್ಕೆ ಮೊದಲಿನಿಂದಲೂ ಕಣ್ಣಿತ್ತು.

1943ರ ಮಾರ್ಚ್ 15ಕ್ಕೆ ಆಶ್ವಿಟ್ಜ್‌ಗೆ ಮೊದಲ ರೈಲು. ಪೋಲೆಂಡಿನಲ್ಲಿ ಹೊಸ ಬದುಕು ಎಂದು ನಂಬಿಸಿ, ಅವರ ದ್ರಾಕ್ಮಾ ಹಣ ಕಿತ್ತುಕೊಂಡು ಪೋಲಿಷ್ ಜ್ಲಾಟಿಯ ಚೀಟಿ ಬರೆದುಕೊಟ್ಟರು. ಸುಳ್ಳು ಚೀಟಿ. ಅದನ್ನು ಸೆರಗಿನ ಗಂಟಿನಲ್ಲೋ ಕೋಟಿನ ಒಳಜೇಬಿನಲ್ಲೋ ಜೋಪಾನ ಮಾಡಿಕೊಂಡು ದನ ಸಾಗಿಸುವ ರೈಲು ಡಬ್ಬಿ ಹತ್ತಿದವರು ಸುಮಾರು 46,000 ಜನ. ಆಗಸ್ಟ್ ಹೊತ್ತಿಗೆ ಊರು ಖಾಲಿ.

"ಹೋಗಲಿ ಬಿಡಿ, ನಿಮ್ಮ ಭಾವ ಅಲ್ಲಿಯವರೆಗೆ ಹೋದರಲ್ಲ, ಅದೇ ದೊಡ್ಡದು" ಎಂದು ನಿಮ್ಮಲ್ಲಿ ಒಬ್ಬರಾದರೂ ಬರೆಯುತ್ತೀರಿ. ಯಾರೆಂದೂ ಗೊತ್ತು. ಒಪ್ಪಿದೆ, ದೊಡ್ಡದೇ. ಆದರೆ ಯಾವ ಊರಿನವರು ಎಂದರೆ "ಯಹೂದಿಗಳು" ಎನ್ನುವ ಉತ್ತರವನ್ನು ರೈಲು ಹತ್ತಿಸಿದವರೂ ಕೊಡುತ್ತಿದ್ದರು. ಹೀಗೆ ಬರೆದರೆ ಅಕ್ಕ ಫೋನ್ ಮಾಡಿ ಬೈಯುತ್ತಾಳೆ. ಬೈಯಲಿ.

ಇಷ್ಟೆಲ್ಲ ಕೂಗಾಡುವ ನಾನೇನು ಸಾಚಾ? 2011ರಲ್ಲಿ ಒಂದು ಸಮ್ಮೇಳನಕ್ಕೆಂದು ಥೆಸಲೋನಿಕಿಗೆ ಹೋಗಿದ್ದೆ. ಅಲ್ಲಿನ ಅರಿಸ್ಟಾಟಲ್ ವಿಶ್ವವಿದ್ಯಾಲಯದ ಆವರಣದಲ್ಲಿ ಕಾಲು ಚಾಚಿ ಕೂತು ಕುಲೂರಿ ತಿಂದೆ. ಎಳ್ಳು ಮೆತ್ತಿದ, ಬಳೆಯಂಥ ಬ್ರೆಡ್ಡು. ಅಂಗಿಯ ಮೇಲೆ ಉದುರಿದ ಎಳ್ಳನ್ನು ನೆಲಕ್ಕೆ ಕೊಡವಿದೆ. ವಿಶ್ವವಿದ್ಯಾಲಯ ನಿಂತಿರುವುದು ಆ ಸ್ಮಶಾನದ ಮೇಲೆ. ಅಲ್ಲೊಂದು ಸ್ಮಾರಕವೆಂದು ಎದ್ದದ್ದು 2014ರಲ್ಲಿ. ನಾನು ಹೋದಾಗ ಹೇಳುವವರಿರಲಿಲ್ಲ, ನಾನೂ ಕೇಳಲಿಲ್ಲ.

ಕುಲೂರಿ ಹಿಡಿದು ಹಲ್ಲು ಕಿರಿದಿರುವ ಆ ಫೋಟೋ ಮೊಬೈಲಿನಲ್ಲಿ ಇನ್ನೂ ಇದೆ. ನಿನ್ನೆ ಭಾವ "ನಿನ್ನ ಗ್ರೀಸ್ ಫೋಟೋ ಒಂದೂ ತೋರಿಸಲೇ ಇಲ್ಲವಲ್ಲ" ಎಂದರು. ಚಾರ್ಜ್ ಮುಗಿದಿದೆ ಎಂದೆ.